ಅರ್ಥವಾಗದ ಮಂತ್ರ, ಅರ್ಧಕ್ಕೆ ನಿಂತ ಪಾಠ



ಈ ಸಲದ ಬರಹದ ವಿಷಯವನ್ನು ಕಂಡು ನಿಮ್ಮಲ್ಲಿ ಹಲವರು ಹುಬ್ಬೇರಿಸುವಿರೆಂದು ಬಲ್ಲೆ. ಊರ ಕೆರೆ, ವೀರಗಲ್ಲು, ಜಾತ್ರೆ, ಅಗಲಿದ ಸಹೋದ್ಯೋಗಿಗಳು ಎಂದು ಬರೆದುಕೊಂಡಿದ್ದ ಮೇಷ್ಟ್ರಿಗೆ ಈ ವಯಸ್ಸಿನಲ್ಲಿ ಅಂತರಿಕ್ಷದ ಗೀಳು ಅಂಟಿತೇ ಎಂದು ನನ್ನ ತಮ್ಮನಂತೂ ಫೋನು ಮಾಡಿ ಕೇಳಿಯೇ ಕೇಳುತ್ತಾನೆ. ಕೇಳಲಿ. ಒಂದು ಹಳೆಯ ಇಂಗ್ಲಿಷ್ ಧಾರಾವಾಹಿಯ ಒಂದು ಕೆಟ್ಟ ಕಂತು ಬಹಳ ದಿನಗಳಿಂದ ನನ್ನ ತಲೆಯಲ್ಲಿ ಕೊರೆಯುತ್ತಿದೆ. ಅದು ಏಕೆ ಕೆಟ್ಟಿತು ಎಂದು ಯೋಚಿಸುತ್ತ ಹೋದಂತೆ, ನನ್ನದೇ ಒಂದು ಪಾಠವೂ ಹಾಗೆಯೇ ಕೆಟ್ಟಿತ್ತು ಎಂಬುದು ನೆನಪಾಯಿತು. ಆದುದರಿಂದ ಇದನ್ನು ವಿಮರ್ಶೆಯೆಂದಾದರೂ ತಿಳಿಯಿರಿ, ತಪ್ಪೊಪ್ಪಿಗೆಯೆಂದಾದರೂ ತಿಳಿಯಿರಿ.

ಧಾರಾವಾಹಿಯ ಹೆಸರು ‘ಸ್ಟಾರ್ ಟ್ರೆಕ್’. 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಮೂರು ಹಂತಗಳಲ್ಲಿ ಒಟ್ಟು 79 ಕಂತುಗಳಾಗಿ ಪ್ರಸಾರವಾದದ್ದು. ನಮ್ಮ ದೇಶದಲ್ಲಿ ದೂರದರ್ಶನವು ಅದನ್ನು ಎಂಬತ್ತರ ದಶಕದಲ್ಲಿ ಭಾನುವಾರಗಳ ಬೆಳಗ್ಗೆ ತೋರಿಸುತ್ತಿತ್ತು. ನಾನಾಗ ಬಿ.ಎಡ್. ಮುಗಿಸಿ, ಬಯಲುಸೀಮೆಯ ಒಂದು ಹೋಬಳಿ ಊರಿನ ಪ್ರೌಢಶಾಲೆಗೆ ಸಮಾಜವಿಜ್ಞಾನದ ಸಹಶಿಕ್ಷಕನಾಗಿ ಸೇರಿದ್ದ ಹೊಸತು. ಬಾಡಿಗೆ ಕೋಣೆಯ ಮಾಲೀಕರ ಮನೆಯಲ್ಲಿ ಒಂದು ಕಪ್ಪು-ಬಿಳುಪು ಟೀವಿ ಇತ್ತು. ಅವರ ಮಗ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು, ನಾವು ಕೆಳಗಿನಿಂದ “ಬಂತು, ಬಂತು, ಹೋಯ್ತು” ಎಂದು ಕೂಗುವುದು, ಇದರಲ್ಲಿಯೇ ಕಾಲು ಭಾಗ ಕಥೆ ಮುಗಿದಿರುತ್ತಿತ್ತು. ಮಾಲೀಕರ ತಾಯಿ ಒಮ್ಮೆ ಸ್ಪಾಕ್ ಎಂಬ ಪಾತ್ರದ ಚೂಪು ಕಿವಿ, ಮೇಲೆದ್ದ ಹುಬ್ಬು ನೋಡಿ, “ಅವನು ರಾಕ್ಷಸನಾ ಮೇಷ್ಟ್ರೇ?” ಎಂದು ಕೇಳಿದ್ದರು. “ಅಲ್ಲ ಅಜ್ಜಿ, ಆ ಹಡಗಿನಲ್ಲಿ ಎಲ್ಲರಿಗಿಂತ ವಿವೇಕಿ ಅವನೇ” ಎಂದಿದ್ದೆ. ಅಜ್ಜಿಗೆ ನಂಬಿಕೆ ಬರಲಿಲ್ಲ.

ನಿವೃತ್ತನಾದ ಮೇಲೆ ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಚಳಿಗೆ ಹೊರಗೆ ಕಾಲಿಡಲಾಗದೆ ಕುಳಿತಿದ್ದ ನನಗೆ ಅಳಿಯಂದಿರು ಆ 79 ಕಂತುಗಳನ್ನೂ ಸಾಲಾಗಿ ನೋಡುವ ಏರ್ಪಾಡು ಮಾಡಿಕೊಟ್ಟರು. ಹಳೆಯ ಗೆಳೆಯನನ್ನು ಮತ್ತೆ ಕಂಡಂತಾಯಿತು. ರಟ್ಟಿನ ಬಂಡೆಗಳು, ಒಂದೇ ಬಗೆಯ ಗುಡ್ಡಗಳು, ಮಿಣುಕುವ ಗುಂಡಿಗಳು, ಇವೆಲ್ಲ ಈಗ ನಗೆ ತರಿಸುತ್ತವೆ, ನಿಜ. ಆದರೆ ಒಳಗಿನ ತಿರುಳು ಇನ್ನೂ ಗಟ್ಟಿಯಾಗಿದೆ. ಹಾಗೆ ಸಂತೋಷದಿಂದ ನೋಡುತ್ತ ಎರಡನೆಯ ಹಂತದ ಕೊನೆಯ ಭಾಗಕ್ಕೆ ಬಂದಾಗ ಎದುರಾದದ್ದೇ ‘ದಿ ಒಮೇಗಾ ಗ್ಲೋರಿ’. 1968ರ ಮಾರ್ಚ್ 1ರಂದು ಮೊದಲು ಪ್ರಸಾರವಾದ ಕಂತು. ಧಾರಾವಾಹಿಯನ್ನು ಹುಟ್ಟುಹಾಕಿದ ಜೀನ್ ರಾಡೆನ್‌ಬರಿಯವರೇ ಬರೆದದ್ದು.

ಕಥೆಯ ಆರಂಭ ಎಷ್ಟು ಚೆನ್ನಾಗಿದೆಯೆಂದರೆ ನಾನು ಕಾಫಿಯನ್ನು ಮರೆತೆ. ಕ್ಯಾಪ್ಟನ್ ಕರ್ಕ್‌ನ ಎಂಟರ್‌ಪ್ರೈಸ್ ನೌಕೆಗೆ ಒಮೇಗಾ ಎಂಬ ಗ್ರಹದ ಬಳಿ ತನ್ನಂತಹುದೇ ಇನ್ನೊಂದು ನೌಕೆ ಎದುರಾಗುತ್ತದೆ. ಹೆಸರು ಎಕ್ಸೆಟರ್. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಅಲ್ಲಲ್ಲಿ ಸಮವಸ್ತ್ರಗಳು ಮಾತ್ರ ಬಿದ್ದಿವೆ, ಅವುಗಳೊಳಗೆ ಬಿಳಿಯ ಹರಳುಗಳು. ಮನುಷ್ಯದೇಹದಿಂದ ನೀರನ್ನೆಲ್ಲ ತೆಗೆದರೆ ಉಳಿಯುವುದು ಇಷ್ಟೇ ಎಂದು ವೈದ್ಯ ಮೆಕಾಯ್ ಹೇಳುತ್ತಾನೆ. ಸೋಂಕು ಇವರಿಗೂ ತಗುಲಿದೆ, ಕೆಳಗಿನ ಗ್ರಹಕ್ಕೆ ಇಳಿದರೆ ಮಾತ್ರ ಬದುಕು. ಇಳಿದರೆ ಅಲ್ಲಿ ಎಕ್ಸೆಟರ್‌ನ ನಾಯಕ ಟ್ರೇಸಿ ಒಬ್ಬನೇ ಬದುಕಿದ್ದಾನೆ. ಬೇರೆ ಲೋಕಗಳ ಬದುಕಿನಲ್ಲಿ ಕೈಹಾಕಬಾರದು ಎಂಬುದು ಇವರ ಪಡೆಯ ಮೊದಲನೆಯ ನಿಯಮ. ಟ್ರೇಸಿ ಅದನ್ನು ಗಾಳಿಗೆ ತೂರಿ, ಆ ಗ್ರಹದ ಕೋಮ್ ಎಂಬ ಹಳ್ಳಿಗರ ಪರ ನಿಂತು, ಯಾಂಗ್ ಎಂಬ ಕಾಡುಜನರನ್ನು ತನ್ನ ಕಿರಣಾಸ್ತ್ರದಿಂದ ಸುಟ್ಟಿದ್ದಾನೆ. ಅಲ್ಲಿಯವರು ನೂರಾರು ವರ್ಷ ಬದುಕುತ್ತಾರೆ, ಆ ದೀರ್ಘಾಯುಷ್ಯದ ಗುಟ್ಟು ತನ್ನ ಕೈಗೆ ಬರಬೇಕು ಎಂಬುದು ಅವನ ಆಸೆ. ಟ್ರೇಸಿಯಾಗಿ ನಟಿಸಿರುವ ಮಾರ್ಗನ್ ವುಡ್‌ವರ್ಡ್ ಅವರ ಕಣ್ಣುಗಳಲ್ಲಿ ಆ ಹುಚ್ಚು ನಿಜವಾಗಿ ಉರಿಯುತ್ತದೆ.

ಆಮೇಲೆ ಮೆಕಾಯ್ ಕಂಡುಹಿಡಿಯುವುದು ಇನ್ನೂ ಘೋರ. ಅಮೃತವೂ ಇಲ್ಲ, ಸಂಜೀವಿನಿಯೂ ಇಲ್ಲ. ಹಿಂದೊಮ್ಮೆ ಈ ಗ್ರಹದಲ್ಲಿ ರೋಗಾಣುಗಳನ್ನೇ ಅಸ್ತ್ರವಾಗಿಸಿದ ಯುದ್ಧ ನಡೆದಿತ್ತು. ಅದರಲ್ಲಿ ಉಳಿದವರ ಸಂತತಿಗೆ ತಡೆಶಕ್ತಿ ಬಂದಿದೆ, ಅಷ್ಟೇ. ಹೊರಗಿನವರು ಸ್ವಲ್ಪ ಕಾಲ ಗ್ರಹದ ಮೇಲೆ ಉಳಿದರೆ ಅವರಿಗೂ ಅದು ಬರುತ್ತದೆ. ಎಂದರೆ ಎಕ್ಸೆಟರ್‌ನವರು ಇನ್ನಷ್ಟು ಕಾಲ ಕೆಳಗೇ ಇದ್ದಿದ್ದರೆ ಯಾರೂ ಸಾಯುತ್ತಿರಲಿಲ್ಲ. ಟ್ರೇಸಿ ಇಲ್ಲದ ವಸ್ತುವಿಗಾಗಿ ಕೊಲೆಗಡುಕನಾದ. ಇಲ್ಲಿಗೇ ಕಥೆ ಮುಗಿದಿದ್ದರೆ ಇದು ಧಾರಾವಾಹಿಯ ಉತ್ತಮ ಕಂತುಗಳ ಸಾಲಿನಲ್ಲಿ ನಿಲ್ಲುತ್ತಿತ್ತು ಎಂದು ನನ್ನ ಅಭಿಪ್ರಾಯ.

ಮುಗಿಯಲಿಲ್ಲ. ಯಾಂಗರು ಯುದ್ಧದಲ್ಲಿ ಗೆದ್ದು ಎಲ್ಲರನ್ನೂ ಸೆರೆಹಿಡಿಯುತ್ತಾರೆ. ಅವರ ಸಭೆಯಲ್ಲಿ ಇದ್ದಕ್ಕಿದ್ದಂತೆ ಒಂದು ಹರಿದ ಬಾವುಟವನ್ನು ತರುತ್ತಾರೆ. ನೋಡಿದರೆ ಅಮೆರಿಕದ ಬಾವುಟ! ಯಾಂಗ್ ಎಂದರೆ ಯಾಂಕಿ, ಕೋಮ್ ಎಂದರೆ ಕಮ್ಯುನಿಸ್ಟ್. ಭೂಮಿಯ ಶೀತಲ ಸಮರ ಇಲ್ಲಿ ಬಿಸಿಯಾಗಿಯೇ ನಡೆದು, ಕಮ್ಯುನಿಸ್ಟರು ಗೆದ್ದು, ಯಾಂಕಿಗಳು ಕಾಡುಪಾಲಾಗಿದ್ದರಂತೆ. ಯಾಂಗರ ನಾಯಕ ಕ್ಲೌಡ್ ವಿಲಿಯಂ ಎದೆಯ ಮೇಲೆ ಕೈಯಿಟ್ಟು ಏನನ್ನೋ ಗೊಣಗುತ್ತಾನೆ. ಅದು ಅಮೆರಿಕದ ಶಾಲಾಮಕ್ಕಳು ಬಾವುಟದ ಮುಂದೆ ಹೇಳುವ ಪ್ರತಿಜ್ಞೆ, ತಲೆಮಾರುಗಳ ಬಾಯಲ್ಲಿ ಸವೆದು ಗುರುತು ಸಿಗದಂತಾಗಿದೆ. ಅದರ ಉಳಿದ ಭಾಗವನ್ನು ಕರ್ಕ್ ಹೇಳಿ ಮುಗಿಸುತ್ತಾನೆ. ಕೊನೆಗೆ ಅವರು ಪೂಜಿಸುವ ಹಳೆಯ ಕಾಗದವನ್ನು ತೆರೆದು ಓದುತ್ತಾನೆ. ಅದು ಅಮೆರಿಕದ ಸಂವಿಧಾನದ ಪೀಠಿಕೆ!

ವಿಶ್ವ ಇಷ್ಟು ವಿಶಾಲವಾಗಿದ್ದರೂ ಎಲ್ಲೋ ಇನ್ನೊಂದು ಗ್ರಹದ ಜನರು ತಾವಾಗಿಯೇ ಅದೇ ಬಾವುಟ ಹೊಲಿದು, ಅದೇ ಪೀಠಿಕೆಯನ್ನು ಬರೆದುಕೊಂಡರು ಎಂದರೆ ನಂಬುವುದು ಹೇಗೆ? ಭೂಮಿಯನ್ನು ಹೋಲುವ ಲೋಕಗಳು ಎಂಬ ಕಲ್ಪನೆ ಈ ಧಾರಾವಾಹಿಗೆ ಮೊದಲಿನಿಂದಲೂ ಇತ್ತು. ಸ್ಟುಡಿಯೋದಲ್ಲಿ ಸಿದ್ಧವಾಗಿರುವ ಬೀದಿ, ಉಡುಪುಗಳನ್ನೇ ಬಳಸಿದರೆ ಖರ್ಚು ಉಳಿಯುತ್ತದೆ. ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ಗೂಂಡಾಗಳ ಗ್ರಹ, ನಾಜಿಗಳ ಗ್ರಹ, ರೋಮನರ ಗ್ರಹ ಎಲ್ಲವೂ ಬಂದುಹೋದವು. ಆದರೆ ಗೂಂಡಾಗಳ ಗ್ರಹಕ್ಕೆ ಮೊದಲೇ ಹೋಗಿದ್ದ ನೌಕೆಯೊಂದು ಬಿಟ್ಟುಬಂದ ಪುಸ್ತಕ ಕಾರಣ, ನಾಜಿಗಳ ಗ್ರಹಕ್ಕೆ ಅಲ್ಲಿ ನೆಲೆಸಿದ್ದ ಭೂಮಿಯ ಇತಿಹಾಸಕಾರನೊಬ್ಬ ಕಾರಣ. ಇಲ್ಲಿ ಅಂತಹ ಕಾರಣವೂ ಇಲ್ಲ. ಮೇಷ್ಟ್ರು ಲೆಕ್ಕದ ಹಂತಗಳನ್ನು ಬಿಟ್ಟು ಉತ್ತರವನ್ನು ಮಾತ್ರ ಹಲಗೆಯ ಮೇಲೆ ಬರೆದಂತೆ.

ಇದನ್ನು ಅವಸರದ ಬರವಣಿಗೆ ಎಂದು ಕ್ಷಮಿಸುವಂತೆಯೂ ಇಲ್ಲ. ಎನ್‌ಬಿಸಿಯವರು ರಾಡೆನ್‌ಬರಿಯವರ ಮೊದಲ ಮಾದರಿ ಕಂತನ್ನು ಒಪ್ಪದೆ ಎರಡನೆಯದನ್ನು ಕೇಳಿದಾಗ, 1965ರಲ್ಲಿ ಪರಿಶೀಲನೆಗೆ ಇಟ್ಟ ಮೂರು ಕಥೆಗಳಲ್ಲಿ ಇದೂ ಒಂದು. ಆಗ ಆಯ್ಕೆಯಾದದ್ದು ಬೇರೆಯದು. ಅಂದರೆ ಕರ್ತೃ ಈ ಕಥೆಯನ್ನು ವರ್ಷಗಟ್ಟಲೆ ಎದೆಯಲ್ಲಿ ಹೊತ್ತು ತಿರುಗಿದ್ದಾರೆ. ಹೇಳಬೇಕಾದ ಮಾತೊಂದು ಅವರಲ್ಲಿ ನಿಜವಾಗಿಯೂ ಇತ್ತು. ಅದು ಏನೆಂಬುದು ನನಗೆ ಕಂತಿನ ನಡುವಿನ ಒಂದು ಚಿಕ್ಕ ದೃಶ್ಯದಲ್ಲಿ ಹೊಳೆಯಿತು.

ಕರ್ಕ್ ಮತ್ತು ಕ್ಲೌಡ್ ವಿಲಿಯಂ ಸೆರೆಮನೆಯಲ್ಲಿದ್ದಾರೆ. ಯಾಂಗರಿಗೆ ಮಾತೇ ಬರುವುದಿಲ್ಲವೆಂದು ಎಲ್ಲರೂ ತಿಳಿದಿದ್ದಾರೆ. ಮಾತಿನ ನಡುವೆ ಕರ್ಕ್ ಸ್ವಾತಂತ್ರ್ಯ ಎಂಬ ಪದವನ್ನು ಆಡುತ್ತಾನೆ. ಆ ಕಾಡುಮನುಷ್ಯ ಥಟ್ಟನೆ ತಿರುಗಿ, ಅದು ನಮ್ಮ ಪೂಜೆಯ ಪದ, ನೀನು ಆಡಕೂಡದು ಎಂದು ಗದರುತ್ತಾನೆ. ಸ್ವಾತಂತ್ರ್ಯಕ್ಕಾಗಿ ತಲೆಮಾರುಗಳಿಂದ ಸಾಯುತ್ತಿರುವ ಜನ, ಆದರೆ ಆ ಪದ ಅವರ ಪಾಲಿಗೆ ಗರ್ಭಗುಡಿಯಲ್ಲಿಟ್ಟು ಬೀಗ ಹಾಕಿದ ವಿಗ್ರಹ. ಎಂತಹ ಅದ್ಭುತವಾದ ಕಲ್ಪನೆ! ಕಾನೂನಿನ ಮಾತು ಮಂತ್ರವಾಗಿ, ಮಂತ್ರ ಬರಿಯ ಸದ್ದಾಗಿ ಸವೆಯುವ ಬಗೆಯನ್ನು ಇಷ್ಟು ಚುರುಕಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದನ್ನು ಹಿಡಿದು ಬೆಳೆಸಿದ್ದರೆ ಸಾಕಿತ್ತು.

ಆದರೆ ಕೊನೆಯ ದೃಶ್ಯದಲ್ಲಿ ಆಗುವುದೇನು? ಕರ್ಕ್ ಆ ಕಾಗದವನ್ನು ಎತ್ತರದ ದನಿಯಲ್ಲಿ, ಒಂದೊಂದು ಪದಕ್ಕೂ ಉಸಿರು ಹಿಡಿದು ಓದುತ್ತಾನೆ. ಇವು ನಾಯಕರಿಗೆ ಮಾತ್ರ ಬರೆದ ಮಾತುಗಳಲ್ಲ, ಎಲ್ಲರಿಗೂ ಅನ್ವಯಿಸಬೇಕು, ಕೋಮರಿಗೂ ಕೂಡ, ಇಲ್ಲದಿದ್ದರೆ ಇವುಗಳಿಗೆ ಬೆಲೆಯಿಲ್ಲ ಎಂಬರ್ಥದ ಮಾತು ಹೇಳುತ್ತಾನೆ. ಬಹಳ ಒಳ್ಳೆಯ ಮಾತು. ಅದಕ್ಕೆ ಕ್ಲೌಡ್ ವಿಲಿಯಂ ಕೊಡುವ ಉತ್ತರವನ್ನು ಮಾತ್ರ ಗಮನಿಸಿ. ನನಗೆ ಪೂರ್ತಿ ಅರ್ಥವಾಗಲಿಲ್ಲ, ಆದರೂ ಈ ಪವಿತ್ರ ಪದಗಳನ್ನು ಪಾಲಿಸುತ್ತೇವೆ ಎಂದು ಆಣೆಯಿಡುತ್ತಾನೆ. ಕರ್ಕ್ ತೃಪ್ತನಾಗುತ್ತಾನೆ! ಸ್ಪಾಕ್ ತನ್ನ ಸ್ವಭಾವದಂತೆ, ನಾವೂ ಇವರ ಬದುಕಿನಲ್ಲಿ ಕೈಹಾಕಿದಂತಾಗಲಿಲ್ಲವೇ ಎಂದು ಕೇಳಿದರೆ, ಅವರು ಹೋರಾಡುತ್ತಿದ್ದುದರ ಅರ್ಥವನ್ನಷ್ಟೇ ತೋರಿಸಿಕೊಟ್ಟೆವು ಎಂದು ಕರ್ಕ್ ಸಮಜಾಯಿಷಿ ಕೊಟ್ಟು ಹೊರಡುತ್ತಾನೆ.

ಅರ್ಥವಾಗಲಿಲ್ಲ ಎಂದು ಶಿಷ್ಯ ಬಾಯಿಬಿಟ್ಟು ಹೇಳಿದ ಮೇಲೆಯೂ ಅರ್ಥ ತೋರಿಸಿಕೊಟ್ಟೆ ಎನ್ನುವ ಗುರುವನ್ನು ಏನೆನ್ನೋಣ? ನಮ್ಮ ಬಿ.ಎಡ್. ತರಬೇತಿಯಲ್ಲಿ ಹರ್ಬಾರ್ಟ್ ಪಂಥದ ಐದು ಸೋಪಾನಗಳನ್ನು ಹೇಳಿಕೊಡುತ್ತಿದ್ದರು: ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಕರ್ಕ್ ಎರಡನೆಯ ಮೆಟ್ಟಿಲಿನಲ್ಲಿಯೇ ಸೀಮೆಸುಣ್ಣ ಒರಸಿಕೊಂಡು ತರಗತಿಯಿಂದ ಹೊರನಡೆದ. ಅರ್ಥವಿಲ್ಲದೆ ಪದಗಳನ್ನು ಪೂಜಿಸುವುದು ತಪ್ಪು ಎಂದು ಸಾರಲು ಹೊರಟ ಕಂತು, ತಾನೇ ಬಾವುಟವನ್ನೂ ಪದಗಳನ್ನೂ ಪೂಜೆಗಿಟ್ಟು, ನೋಡುವವರು ಎದ್ದು ಕೈಮುಗಿಯಲಿ ಎಂದು ಕಾಯುತ್ತದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

ಇದಕ್ಕಿಂತ ನೋವಿನ ದೋಷ ಇನ್ನೊಂದಿದೆ. ಯಾಂಗರೆಲ್ಲ ಬಿಳಿಯರು. ಕೋಮರೆಲ್ಲ ಏಷ್ಯಾದ ಮುಖಗಳು. ಅವರಿಗೆ ಹೇಳಿಕೊಳ್ಳುವಂತಹ ಮಾತಿಲ್ಲ, ಮನೆಯಿಲ್ಲ, ದುಃಖವಿಲ್ಲ. ಕೋಮ್ ಎಂಬುದು ನಮ್ಮ ಕಿವಿಗೆ ‘ಕೋಮು’ ಎಂದೇ ಕೇಳಿಸುತ್ತದೆ, ಅದು ಕಾಕತಾಳೀಯವಾದರೂ ಸರಿಯಾಗಿಯೇ ಇದೆ. ಒಬ್ಬೊಬ್ಬರನ್ನು ಮನುಷ್ಯರಾಗಿ ನೋಡದೆ ಇಡೀ ಗುಂಪಿಗೆ ಒಂದು ಮುಖ ಹಚ್ಚುವುದೇ ಕೋಮಿನ ದೃಷ್ಟಿ. ‘ಕೋಮರಿಗೂ ಅನ್ವಯಿಸಬೇಕು’ ಎಂದು ಕರ್ಕ್ ಸಾರುವಾಗ, ಆ ಸಭೆಯಲ್ಲಿ ‘ಹೌದು, ನಮಗೂ’ ಎನ್ನಲು ಒಬ್ಬ ಕೋಮನಿಗೂ ಕಥೆಗಾರ ಅವಕಾಶ ಕೊಟ್ಟಿಲ್ಲ.

ಇಲ್ಲಿ ನನ್ನನ್ನು ಬಹಳವಾಗಿ ಕಾಡಿದ ಸಂಗತಿಗೆ ಬರುತ್ತೇನೆ. ಆ ಕೊನೆಯ ಗಳಿಗೆಯಲ್ಲಿ ಕರ್ಕ್‌ನ ನೆರವಿಗೆ ನೌಕೆಯಿಂದ ಇಳಿದು ಬರುವ ಅಧಿಕಾರಿ ಸುಲು. ಆ ಪಾತ್ರ ಮಾಡಿದವರು ಜಾರ್ಜ್ ಟಕೈ, ಜಪಾನಿ ಮೂಲದ ಅಮೆರಿಕನ್. ಎರಡನೆಯ ಮಹಾಯುದ್ಧದಲ್ಲಿ ಜಪಾನು ಅಮೆರಿಕದ ಮೇಲೆ ದಾಳಿ ಮಾಡಿದ ಮೇಲೆ, 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದಂತೆ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಅವರ ಮೇಲೆ ಆರೋಪವಿರಲಿಲ್ಲ, ವಿಚಾರಣೆಯಿರಲಿಲ್ಲ. ಪುಟ್ಟ ಬಾಲಕ ಟಕೈ ತಂದೆತಾಯಿಗಳೊಡನೆ ಮೊದಲು ಕುದುರೆ ಜೂಜಿನ ಮೈದಾನವೊಂದರ ಲಾಯದಲ್ಲಿ, ನಂತರ ಅರ್ಕನ್ಸಾ ರಾಜ್ಯದ ಶಿಬಿರದಲ್ಲಿ, ಆಮೇಲೆ ಕ್ಯಾಲಿಫೋರ್ನಿಯಾದ ಟೂಲ್ ಲೇಕ್ ಶಿಬಿರದಲ್ಲಿ ಬೆಳೆದರು. ಶಿಬಿರದ ಶಾಲೆಯಲ್ಲಿ ದಿನವೂ ಬಾವುಟದ ಪ್ರತಿಜ್ಞೆ ಹೇಳಿಸುತ್ತಿದ್ದರೆಂದೂ, ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ ಎಂಬ ಅದರ ಕೊನೆಯ ಮಾತುಗಳನ್ನು ತಾನು ಹೇಳುವಾಗ ಕಿಟಕಿಯಾಚೆ ಮುಳ್ಳುತಂತಿಯ ಬೇಲಿಯೂ ಕಾವಲುಗೋಪುರವೂ ಕಾಣುತ್ತಿದ್ದವೆಂದೂ ಅವರು ದೊಡ್ಡವರಾದ ಮೇಲೆ ಸಭೆಗಳಲ್ಲಿ ಹೇಳಿಕೊಂಡಿದ್ದಾರೆ.

ಸ್ವಲ್ಪ ನಿಂತು ಯೋಚಿಸಿ. ಆ ಪ್ರತಿಜ್ಞೆ ಅರ್ಥ ಕಳೆದುಕೊಂಡು ಗೊಣಗಾಟವಾಗುವುದು ಹೇಗೆಂಬುದನ್ನು ಮೈಯಾರ ಅನುಭವಿಸಿದ ಮನುಷ್ಯ ಆ ದೃಶ್ಯದಲ್ಲಿಯೇ ಇದ್ದಾರೆ. ಕೋಮರಂತಹುದೇ ಏಷ್ಯಾದ ಮುಖ, ಯಾಂಗರ ಪ್ರತಿಜ್ಞೆ ಹೇಳಿ ಬೆಳೆದ ಬಾಯಿ. ಆ ಕಾಗದವನ್ನು ಓದುವ ಹಕ್ಕು ಅವರಿಗಿಂತ ಇನ್ನಾರಿಗಿತ್ತು? ಅವರಿಂದ ಎರಡು ಮಾತು ಆಡಿಸಿದ್ದರೂ ಕಂತು ಉಳಿಯುತ್ತಿತ್ತು. ಆದರೆ ಕಥೆ ಅವರಿಗೆ ಕೊಟ್ಟದ್ದು ಬಂದು ನಿಲ್ಲುವ ಕೆಲಸವನ್ನು ಮಾತ್ರ. ಉತ್ತರ ಬಲ್ಲವನು ಬದಿಯಲ್ಲಿ ನಿಂತಿದ್ದ, ಅವನನ್ನು ಯಾರೂ ಕೇಳಲಿಲ್ಲ.

ಕಾಲವೂ ಎಂತಹುದು! ವಿಯಟ್ನಾಂ ಯುದ್ಧ ಉರಿಯುತ್ತಿದ್ದ ದಿನಗಳು. ಕಂತು ಪ್ರಸಾರವಾಗಿ ಐದು ವಾರ ತುಂಬುವಷ್ಟರಲ್ಲಿ, 1968ರ ಏಪ್ರಿಲ್ 4ರಂದು, ಮೆಂಫಿಸ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದರು. ಇದೇ ಧಾರಾವಾಹಿಯಲ್ಲಿ ಉಹುರಾ ಪಾತ್ರ ಮಾಡುತ್ತಿದ್ದ ನಿಶೆಲ್ ನಿಕೋಲ್ಸ್ ಅವರು ಕೆಲಸ ಬಿಡಲು ಹೊರಟಾಗ, ಕಪ್ಪು ಜನರ ಘನತೆಯನ್ನು ಮನೆಮನೆಗೆ ತೋರಿಸುತ್ತಿದ್ದೀರಿ, ಬಿಡಬೇಡಿ ಎಂದು ಒಪ್ಪಿಸಿದವರು ಕಿಂಗ್ ಅವರೇ ಎಂದು ನಿಕೋಲ್ಸ್ ಹೇಳಿಕೊಂಡಿದ್ದಾರೆ. ‘ಜನರಾದ ನಾವು’ ಎಂಬರ್ಥದ ಮೂರು ಪದಗಳಿಂದ ಆರಂಭವಾಗುವ ಆ ಪೀಠಿಕೆ ಬರೆದದ್ದು 1787ರಲ್ಲಿ. ಅದೇ ಸಂವಿಧಾನವು ಪ್ರತಿನಿಧಿಗಳ ಸಂಖ್ಯೆ ನಿಗದಿಪಡಿಸಲು ಗುಲಾಮರನ್ನು ಐದರಲ್ಲಿ ಮೂರು ಪಾಲು ಮಾತ್ರ ಎಣಿಕೆಗೆ ಹಿಡಿದಿತ್ತು. ಗುಲಾಮಗಿರಿ ತೊಲಗಿಸುವ ತಿದ್ದುಪಡಿ ಬರಲು 1865ರವರೆಗೆ ಕಾಯಬೇಕಾಯಿತು. ಪೀಠಿಕೆಯನ್ನು ಗಟ್ಟಿಯಾಗಿ ಓದಿದ್ದರಿಂದ ಈ ಬದಲಾವಣೆಗಳು ಆಗಲಿಲ್ಲ. ಆ ‘ನಾವು’ ಎಂಬುದರಲ್ಲಿ ನಾವು ಸೇರಿದ್ದೇವೆಯೇ ಎಂದು ಹೊರಗೆ ನಿಂತವರು ಕೇಳಿದ್ದರಿಂದ ಆದವು.

ಇದೇ ತಂಡ ಇದೇ ಬಗೆಯ ನೀತಿಯನ್ನು ಎಷ್ಟು ಸೊಗಸಾಗಿ ಹೇಳಬಲ್ಲದು ಎಂಬುದಕ್ಕೆ 1967ರ ಮಾರ್ಚ್ 9ರಂದು ಬಂದ ‘ದಿ ಡೆವಿಲ್ ಇನ್ ದಿ ಡಾರ್ಕ್’ ಕಂತನ್ನು ನೋಡಬೇಕು. ಬರೆದವರು ಜೀನ್ ಕೂನ್. ಗಣಿಯೊಂದರಲ್ಲಿ ಕಲ್ಲಿನಂತಹ ವಿಚಿತ್ರ ಪ್ರಾಣಿ ಕಾರ್ಮಿಕರನ್ನು ಕೊಲ್ಲುತ್ತಿದೆ. ಎಲ್ಲರೂ ಅದನ್ನು ಬೇಟೆಯಾಡಲು ಹೊರಡುತ್ತಾರೆ. ಸ್ಪಾಕ್ ಅದರ ಮೇಲೆ ಕೈಯಿಟ್ಟು ಅದರ ಮನಸ್ಸನ್ನು ಮುಟ್ಟಿದಾಗ ತಿಳಿಯುತ್ತದೆ, ಅದೊಂದು ತಾಯಿ. ಗಣಿಯವರು ಕೆಲಸಕ್ಕೆ ಬಾರದ ಗುಂಡುಕಲ್ಲುಗಳೆಂದು ಒಡೆದು ಎಸೆಯುತ್ತಿದ್ದುದು ಅದರ ಮೊಟ್ಟೆಗಳನ್ನು! ಅಲ್ಲಿ ಬಾವುಟವಿಲ್ಲ, ಭಾಷಣವಿಲ್ಲ. ಆದರೆ ಎದುರಾಳಿಗೆ ತನ್ನ ನೋವನ್ನು ಹೇಳಿಕೊಳ್ಳಲು ಅವಕಾಶ ಸಿಕ್ಕಿತು. ಆ ಒಂದು ಕಲ್ಲುಪ್ರಾಣಿಗೆ ಕೊಟ್ಟ ಮಾತನ್ನು ಒಂದು ವರ್ಷದ ನಂತರ ಕೋಮರಿಗೆ ಕೊಡಲಿಲ್ಲವಲ್ಲ ಎಂಬುದೇ ನನ್ನ ಕೊರಗು.

ಇನ್ನು ನನ್ನ ಪಾಠದ ಮಾತು.

ನಾನು ಮೊದಲು ಹೇಳಿದ ಅದೇ ಹೋಬಳಿ ಊರು, ಭಾನುವಾರ ಬೆಳಗ್ಗೆ ಸ್ಟಾರ್ ಟ್ರೆಕ್ ನೋಡುತ್ತಿದ್ದ ಅದೇ ವರ್ಷಗಳು. ತರಗತಿಯಲ್ಲಿ ಪೌರನೀತಿಯ ಪಾಠ, ನಮ್ಮ ಸಂವಿಧಾನದ ಪೀಠಿಕೆ. ಅದೂ ದೇಶದ ಜನರಾದ ‘ನಾವು’ ಎಂದೇ ಆರಂಭವಾಗುತ್ತದೆ. 1949ರ ನವೆಂಬರ್ 26ರಂದು ಅಂಗೀಕಾರವಾದದ್ದು, ಸಮಾಜವಾದಿ, ಧರ್ಮನಿರಪೇಕ್ಷ ಎಂಬ ಪದಗಳು 1976ರ 42ನೆಯ ತಿದ್ದುಪಡಿಯಿಂದ ಸೇರಿದವು ಎಂದೆಲ್ಲ ಹಲಗೆಯ ಮೇಲೆ ಬರೆದು, ಇಡೀ ಪೀಠಿಕೆಯನ್ನು ಎಲ್ಲರಿಗೂ ಕಂಠಪಾಠ ಮಾಡಿಸಿದೆ. ದಿನಕ್ಕೆ ಎರಡು ಸಾಲಿನಂತೆ, ಕೋಲು ತೋರಿಸಿ. ನಲವತ್ತು ಮಕ್ಕಳು ಒಂದೇ ದನಿಯಲ್ಲಿ ಹೇಳುವಾಗ ನನಗೆ ರೋಮಾಂಚನವಾಗುತ್ತಿತ್ತು. ನನ್ನಂತಹ ಶಿಕ್ಷಕನಿಲ್ಲವೆಂಬ ಭಾವನೆ.

ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ ಒಂದು ದಿನ ಎದ್ದು ನಿಂತು ಕೇಳಿದಳು: “ಸಾರ್, ಈ ‘ನಾವು’ ಅಂದ್ರೆ ಯಾರು ಸಾರ್? ನಮ್ಮ ಕೇರಿಯೋರೂ ಸೇರ್ತೀವಾ?”

ಆ ಊರಿನ ಹೋಟೆಲಿನಲ್ಲಿ ಅವಳ ಕೇರಿಯವರಿಗೆ ಹೊರಗಿನ ಗೋಡೆಯ ಗೂಡಿನಲ್ಲಿ ಬೇರೆ ಲೋಟ ಇಟ್ಟಿರುತ್ತಿದ್ದರು. ಕುಡಿದವರೇ ತೊಳೆದಿಡಬೇಕು. ಆ ಹೋಟೆಲಿನ ಒಳಗಿನ ಬೆಂಚಿನ ಮೇಲೆ ಕುಳಿತು ನಾನು ದಿನವೂ ಇಡ್ಲಿ ತಿನ್ನುತ್ತಿದ್ದೆ. ಆ ಗೂಡು ನನಗೆ ಕಾಣುತ್ತಿತ್ತು. ಹುಡುಗಿಯ ಪ್ರಶ್ನೆ ಎಲ್ಲಿಂದ ಬಂತೆಂದು ತಿಳಿಯದಷ್ಟು ದಡ್ಡನಲ್ಲ ನಾನು. ತರಗತಿ ನಿಶ್ಶಬ್ದವಾಯಿತು. ನಾನು ಹೇಳಿದೆ: “ಅದೆಲ್ಲ ಪರೀಕ್ಷೆಗೆ ಬರೋಲ್ಲಮ್ಮ. ಕೂತ್ಕೋ, ಮುಂದಿನ ಸಾಲು ಹೇಳು.”

ಅವಳು ಕೂತಳು. ಮುಂದಿನ ಸಾಲು ಹೇಳಿದಳು. ಪರೀಕ್ಷೆಯಲ್ಲಿ ಪೀಠಿಕೆಯನ್ನು ಒಂದು ಒತ್ತಕ್ಷರ ತಪ್ಪದೆ ಬರೆದಿದ್ದಳು, ನಾಲ್ಕಕ್ಕೆ ನಾಲ್ಕು ಅಂಕ ಕೊಟ್ಟೆ. ಮತ್ತೆ ನನ್ನ ತರಗತಿಯಲ್ಲಿ ಅವಳು ಏನನ್ನೂ ಕೇಳಲಿಲ್ಲ.

ಅರ್ಥವಾಗಲಿಲ್ಲ, ಆದರೂ ಪಾಲಿಸುತ್ತೇವೆ ಎಂದು ಕ್ಲೌಡ್ ವಿಲಿಯಂ ಹೇಳಿದಾಗ ತೃಪ್ತನಾದ ಕರ್ಕ್‌ನನ್ನು ಮಗಳ ಮನೆಯ ಸೋಫಾದ ಮೇಲೆ ಕುಳಿತು ಬೈದೆನಲ್ಲ, ಬೈದ ಮರುಗಳಿಗೆಯೇ ನನಗೆ ನೆನಪಾದದ್ದು ಆ ನಾಲ್ಕು ಅಂಕಗಳು. ಕರ್ಕ್‌ನ ಶಿಷ್ಯನಾದರೂ ಅರ್ಥವಾಗಲಿಲ್ಲ ಎಂದಿದ್ದ. ನನ್ನ ಶಿಷ್ಯೆಗೆ ನನಗಿಂತ ಚೆನ್ನಾಗಿ ಅರ್ಥವಾಗಿತ್ತು. ಐದನೆಯ ಸೋಪಾನವಾದ ಅನ್ವಯವನ್ನು ಅವಳಾಗಿಯೇ ಏರಿ ನಿಂತಿದ್ದಳು. ಕೆಳಗಿಳಿಸಿದವನು ನಾನು.

ಅಂದು ನಾನು ಏನು ಮಾಡಬಹುದಿತ್ತು? ಹೋಟೆಲಿನವನೊಡನೆ ಜಗಳಕ್ಕೆ ನಿಲ್ಲುವ ಧೈರ್ಯ ಇರಲಿಲ್ಲ, ಒಪ್ಪುತ್ತೇನೆ. ಆದರೆ “ಸೇರುತ್ತೀರಿ. ಬರೆದಿರುವುದು ಹಾಗೆಯೇ. ಊರು ಹಾಗೆ ನಡೆಯುತ್ತಿಲ್ಲ. ಏಕೆಂದು ಯೋಚಿಸೋಣ” ಎಂದು ಹೇಳಲು ಧೈರ್ಯವೇನೂ ಬೇಕಿರಲಿಲ್ಲ. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೆಯ ವಿಧಿಯನ್ನು ಅದೇ ಪುಸ್ತಕದಿಂದ, ಅದೇ ಗಂಟೆಯಲ್ಲಿ ಓದಿಸಬಹುದಿತ್ತು. ಪಾಠ ಅಲ್ಲಿಂದ ಆರಂಭವಾಗಬೇಕಿತ್ತು, ನಾನು ಅಲ್ಲಿಗೇ ಮುಗಿಸಿದೆ.

ಈ ಮಾತನ್ನು ಈಗ ಏಕೆ ಎತ್ತುತ್ತಿದ್ದೇನೆ ಎಂದರೆ, ನಮ್ಮ ರಾಜ್ಯದಲ್ಲಿ ಶಾಲಾಕಾಲೇಜುಗಳಲ್ಲಿ ಪೀಠಿಕೆಯನ್ನು ಓದಿಸಬೇಕೆಂದು 2023ರಲ್ಲಿ ಸರ್ಕಾರ ತೀರ್ಮಾನಿಸಿತು. ಆ ವರ್ಷ ಸೆಪ್ಟೆಂಬರ್ 15ರಂದು, ಅಂತರರಾಷ್ಟ್ರೀಯ ಪ್ರಜಾಪ್ರಭುತ್ವ ದಿನದಂದು, ರಾಜ್ಯದಾದ್ಯಂತ ಜನ ಒಟ್ಟಾಗಿ ನಿಂತು ಓದಿದರು. ನಾನೂ ನಮ್ಮ ಬಡಾವಣೆಯಲ್ಲಿ ನಿಂತು ಓದಿದೆ. ಕೆಲವರು ಇದನ್ನು ಬರಿಯ ಆಡಂಬರವೆಂದರು. ನಾನು ಹಾಗೆನ್ನುವುದಿಲ್ಲ. ಕಂಠಪಾಠವನ್ನು ಹೀಗಳೆಯುವವನೂ ನಾನಲ್ಲ. ಆ ಹುಡುಗಿಗೆ ಆ ಮಾತುಗಳು ಬಾಯಿಗೆ ಬಂದಿದ್ದರಿಂದಲೇ ಪ್ರಶ್ನೆಯೂ ಹುಟ್ಟಿತು. ಆದರೆ ಓದಿಸಿದ ಮೇಲೆ ಒಂದು ನಿಮಿಷ ಬಿಡಿ, ಮಕ್ಕಳು ಕೇಳಲಿ. ಇಂದು ನಮ್ಮ ಶಾಲೆಯಲ್ಲಿ, ನಮ್ಮ ಬೀದಿಯಲ್ಲಿ ಈ ‘ನಾವು’ ಎಂಬುದರಿಂದ ಹೊರಗೆ ಉಳಿದವರು ಯಾರು? ವಾರಕ್ಕೆ ಇದೊಂದು ಪ್ರಶ್ನೆ ಸಾಕು. ಇದಿಲ್ಲದಿದ್ದರೆ ನಮ್ಮ ಮಕ್ಕಳ ಮಕ್ಕಳು ಹರಿದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು, ಗುರುತು ಸಿಗದ ಪದಗಳನ್ನು ಗೊಣಗುವ ಯಾಂಗರಾದಾರು.

ನ್ಯಾಯಾಲಯಗಳು ಈ ವಿಷಯದಲ್ಲಿ ನಮ್ಮ ಶಾಲೆಗಳಿಗಿಂತ ಮುಂದಿವೆ. ಬಾವುಟದ ವಂದನೆಯನ್ನು ಮಕ್ಕಳ ಮೇಲೆ ಹೇರಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟು 1943ರಲ್ಲಿಯೇ, ಅದೂ ಯುದ್ಧ ನಡೆಯುತ್ತಿರುವಾಗಲೇ, ತೀರ್ಪು ನೀಡಿತು. ನಮ್ಮಲ್ಲಿ, ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ಧರ್ಮದ ಕಾರಣದಿಂದ ಹಾಡದೆ ಉಳಿದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದಾಗ, ಅವರನ್ನು ಮತ್ತೆ ಸೇರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 1986ರಲ್ಲಿ ಆದೇಶಿಸಿತು. ಸುಮಾರು ಅದೇ ದಿನಗಳಲ್ಲಿ ನಾನು ಕೋಲು ಹಿಡಿದು ಕಂಠಪಾಠ ಮಾಡಿಸುತ್ತಿದ್ದೆ. ಆ ತೀರ್ಪನ್ನು ಪತ್ರಿಕೆಯಲ್ಲಿ ಓದಿಯೂ ಇದ್ದೆ. ಅದಕ್ಕೂ ನನ್ನ ಕೋಲಿಗೂ ಸಂಬಂಧವಿದೆಯೆಂದು ಹೊಳೆಯಲೇ ಇಲ್ಲ.

ಹಾಗಾದರೆ ‘ದಿ ಒಮೇಗಾ ಗ್ಲೋರಿ’ ನೋಡಬಾರದ ಕಂತೇ? ನೋಡಿ, ಆದರೆ ಒಬ್ಬರೇ ನೋಡಬೇಡಿ. ಮಕ್ಕಳೊಡನೆ ಕುಳಿತು ನೋಡಿ. ಕರ್ಕ್ ಓದಿ ಮುಗಿಸಿದ ಕೂಡಲೇ ನಿಲ್ಲಿಸಿ, “ಇಲ್ಲಿ ಮಾತಾಡಬೇಕಿದ್ದವರು ಯಾರು, ಮಾತಾಡದೆ ಉಳಿದವರು ಯಾರು?” ಎಂದು ಕೇಳಿ. ಅರ್ಧಕ್ಕೆ ನಿಂತ ಪಾಠವನ್ನು ನೀವು ಮುಗಿಸಬಹುದು. ಆಗ ಆ ಕೆಟ್ಟ ಕಂತು ಹಲವು ಒಳ್ಳೆಯ ಕಂತುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಅಂದು ಹಿಂದಿನ ಸಾಲಿನಲ್ಲಿ ಎದ್ದು ನಿಂತ ಹುಡುಗಿ ಈಗ ಐವತ್ತರ ಆಸುಪಾಸಿನ ಗೃಹಿಣಿಯೋ ಅಧಿಕಾರಿಯೋ ಆಗಿರಬೇಕು. ಅವಳ ಸಹಪಾಠಿಗಳು ಕೆಲವರು ಇದನ್ನು ಓದುತ್ತೀರಿ. 1980ರ ದಶಕದ ಆ ತರಗತಿ ನೆನಪಿದ್ದವರು, ಅವಳ ಪರಿಚಯ ಇನ್ನೂ ಉಳಿದವರು, ಮೇಷ್ಟ್ರು ಹೀಗೆ ಹೇಳಿದರು ಎಂದು ದಯವಿಟ್ಟು ಅವಳಿಗೆ ತಿಳಿಸಿ:

“ನಿನ್ನ ಪ್ರಶ್ನೆಯೇ ಸರಿಯಾಗಿತ್ತಮ್ಮ. ಸೇರುತ್ತೀರಿ. ಅಂದೇ ಹೇಳಬೇಕಿತ್ತು, ಹೇಳಲಿಲ್ಲ.”